ವಾಪಸ್ ಬಂದ ಅರ್ಜಿಯ ರಿಪೇರಿ: ಶಾಲಾ ಲೈಬ್ರರಿಗೆ ಅನುದಾನ ಕೇಳಿದ ಕೆಲಸದ ದಾಖಲೆ

ನನ್ನ ಕೈಗೆ ಬಂದದ್ದು ಒಮ್ಮೆ ತಿರಸ್ಕಾರವಾಗಿದ್ದ ಅರ್ಜಿ. ಒಂದು ಶಾಲೆ ತನ್ನ ಲೈಬ್ರರಿಗೆ ಹಣ ಕೇಳಿತ್ತು. "ಈ ಬಾರಿ ಆಯ್ಕೆಯಾಗಿಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂದಿತ್ತು. ದಾನಿ ಸಂಸ್ಥೆ ಮತ್ತೆ ಅರ್ಜಿ ಕರೆದಾಗ, ಹಳೆಯದನ್ನೇ ಸ್ವಲ್ಪ ಭಾಷೆ ತಿದ್ದಿ ಕಳಿಸೋಣ ಎಂದು ಶಾಲೆಯವರ ಲೆಕ್ಕಾಚಾರ. ಲೈಬ್ರರಿ ನೋಡಿಕೊಳ್ಳುವ ಶಿಕ್ಷಕಿ, ಲೆಕ್ಕ ಬರೆಯುವ ಗುಮಾಸ್ತರು ಮತ್ತು ನಾನು ಸೇರಿ ಮಾಡಿದ ರಿಪೇರಿಯ ವಿವರ ಇಲ್ಲಿದೆ. ಭಾಷೆ ತಿದ್ದಿದ್ದು ಕಡಿಮೆ. ಎಣಿಸಿದ್ದು, ಅಳೆದದ್ದು, ಕೂಡಿ ಕಳೆದದ್ದೇ ಜಾಸ್ತಿ.

ಮೊದಲು ಹಳೆ ಅರ್ಜಿಯನ್ನು ಬಿಚ್ಚಿ ನೋಡಿದೆವು. ಸಂಸ್ಥೆಯ ಮಾರ್ಗಸೂಚಿಯನ್ನು ಪಕ್ಕಕ್ಕೆ ಇಟ್ಟುಕೊಂಡು, ಒಂದು ಹಾಳೆಯ ಎಡಗಡೆ ಅವರು ಕೇಳಿದ ಒಂದೊಂದು ಪ್ರಶ್ನೆ ಬರೆದೆವು. ಬಲಗಡೆ ಅದಕ್ಕೆ ಹಳೆ ಅರ್ಜಿಯಲ್ಲಿ ಉತ್ತರ ಎಲ್ಲಿದೆ ಎಂದು ಪುಟ ಮತ್ತು ಸಾಲು. ಬಲಗಡೆ ಬಹುಪಾಲು ಖಾಲಿ ಉಳಿಯಿತು. ಮೊದಲ ಪುಟ ಪೂರ್ತಿ ಓದಿನ ಮಹತ್ವ. ಪುಸ್ತಕ ಮಕ್ಕಳ ಮನಸ್ಸನ್ನು ಬೆಳಗುತ್ತದೆ ಅಂತೆಲ್ಲ. ಲೈಬ್ರರಿಗೆ ಹಣ ಕೊಡಲೆಂದೇ ಕೂತಿರುವವರಿಗೆ ಅದನ್ನು ಹೇಳಿ ಏನು ಪ್ರಯೋಜನ? ಅವರು ಅದನ್ನು ಒಪ್ಪಿಕೊಂಡೇ ಕರೆ ಕೊಟ್ಟಿದ್ದಾರೆ ಅಲ್ವಾ. ಬಜೆಟ್ ಇದ್ದದ್ದು ಎರಡೇ ಸಾಲು: ಪುಸ್ತಕಗಳು, ಪೀಠೋಪಕರಣ. ಕೋಣೆಯ ಬಾಗಿಲು ಯಾರು ತೆರೆಯುತ್ತಾರೆ, ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ, ಹಣ ಮುಗಿದ ಮೇಲೆ ಏನು ಎಂಬ ಮಾತೇ ಇರಲಿಲ್ಲ.

ಅಂಕ ಹಂಚಿಕೆಯನ್ನು ಪ್ರಕಟಿಸುವ ದಾನಿಗಳು ತುಂಬ ಜನ ಇದ್ದಾರೆ. ಈ ಸಂಸ್ಥೆಯೂ ಪ್ರಕಟಿಸಿತ್ತು. ನೋಡಿದರೆ 'ಅಗತ್ಯ' ಎಂಬ ಭಾಗಕ್ಕಿಂತ 'ಕಾರ್ಯಯೋಜನೆ' ಮತ್ತು 'ಮುಂದುವರಿಕೆ' ಎರಡಕ್ಕೂ ಸೇರಿ ಜಾಸ್ತಿ ಅಂಕ. ಹಳೆ ಅರ್ಜಿ ತನ್ನ ಅರ್ಧ ಜಾಗವನ್ನು ಅಗತ್ಯಕ್ಕೇ ಸುರಿದಿತ್ತು. ಪುಟಗಳನ್ನು ಅಂಕಕ್ಕೆ ತಕ್ಕಂತೆ ಹಂಚಿಕೊಳ್ಳುವುದು ಮೊದಲ ನಿರ್ಧಾರವಾಯಿತು.

ಅರ್ಹತೆಯ ಪರೀಕ್ಷೆ ಬೇಗ ಮುಗಿಯಿತು. ಬ್ಯಾಂಕ್ ಖಾತೆಯ ಹೆಸರು ಮತ್ತು ನೋಂದಣಿ ಪತ್ರದಲ್ಲಿರುವ ಶಾಲೆಯ ಹೆಸರು ಅಕ್ಷರಶಃ ಒಂದೇ ಇರಬೇಕು. ಲೆಕ್ಕಪರಿಶೋಧನೆಯ ವರದಿ ಬೇಕು. ಕಟ್ಟಡ ಮತ್ತು ಸಂಬಳಕ್ಕೆ ಈ ಸಂಸ್ಥೆ ಹಣ ಕೊಡುವುದಿಲ್ಲ. ಎರಡು ಅನುಮಾನ ಉಳಿದವು. ಕಪಾಟು ಕಟ್ಟಡದ ಲೆಕ್ಕಕ್ಕೆ ಬರುತ್ತದಾ? ಹೊಸ ಪುಸ್ತಕಗಳನ್ನು ಪಟ್ಟಿ ಮಾಡಲು ತಾತ್ಕಾಲಿಕವಾಗಿ ಒಬ್ಬರಿಗೆ ಗೌರವಧನ ಕೊಟ್ಟರೆ ಅದು ಸಂಬಳವಾ? ಊಹೆ ಮಾಡುತ್ತ ಕೂರುವುದಕ್ಕಿಂತ ಅವರ ಕಾರ್ಯಕ್ರಮ ಅಧಿಕಾರಿಗೆ ಇಮೇಲ್ ಮಾಡಿ ಕೇಳಿದೆವು. ಕಪಾಟು ಸರಿ, ಗೌರವಧನ ಬೇಡ ಎಂಬ ಉತ್ತರ ಬಂತು. ಇಂಥ ಪ್ರಶ್ನೆ ಕೇಳಲು ಜನ ಯಾಕೋ ಹಿಂಜರಿಯುತ್ತಾರೆ. ಕೇಳಿದವರ ಅಂಕ ಯಾರೂ ಕಳೆಯುವುದಿಲ್ಲ.

ಎಣಿಕೆ

ಇನ್ನು ಬರೆಯೋಣ ಎಂದು ಎಲ್ಲರಿಗೂ ಅನ್ನಿಸಿತು. ಬರೆಯಲಿಲ್ಲ. ಕಪಾಟಿನ ಮುಂದೆ ನಿಂತೆವು.

ದಾಖಲೆ ಪುಸ್ತಕದಲ್ಲಿ ಇರುವ ಸಂಖ್ಯೆಗೂ ಕಪಾಟಿನಲ್ಲಿ ಇರುವ ಸಂಖ್ಯೆಗೂ ಯಾವ ಶಾಲೆಯಲ್ಲೂ ಹೊಂದುವುದಿಲ್ಲ. ಹಾಗಾಗಿ ಕಪಾಟಿನ ಪುಸ್ತಕಗಳನ್ನೇ ಎಣಿಸಬೇಕು. ಎಲ್ಲವನ್ನೂ ಕೈಗೆತ್ತಿಕೊಂಡು ಪರೀಕ್ಷಿಸಲು ಆಗದಿದ್ದರೆ ಪ್ರತಿ ಹತ್ತನೇ ಪುಸ್ತಕ ತೆಗೆದರೆ ಸಾಕು. ಒಂದೇ ನಿಯಮ: ಹತ್ತನೆಯದು ಕೊಳಕಾಗಿದೆ ಎಂದು ಹನ್ನೊಂದನೆಯದಕ್ಕೆ ಹಾರಬಾರದು. ತೆಗೆದ ಪ್ರತಿ ಪುಸ್ತಕಕ್ಕೆ ಮೂರು ವಿಷಯ ಬರೆದುಕೊಂಡೆವು: ಪ್ರಕಟವಾದ ವರ್ಷ, ಡ್ಯೂಯಿ ವರ್ಗ, ಸ್ಥಿತಿ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸಲು ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ವರ್ಗೀಕರಣದ ಹತ್ತು ದೊಡ್ಡ ವರ್ಗಗಳು ಈ ಕೆಲಸಕ್ಕೆ ಸಾಕು. 500 ಅಂದರೆ ವಿಜ್ಞಾನ, 900 ಅಂದರೆ ಇತಿಹಾಸ ಮತ್ತು ಭೂಗೋಳ. ಅದಕ್ಕಿಂತ ಸೂಕ್ಷ್ಮಕ್ಕೆ ಇಳಿಯುವ ಅಗತ್ಯ ಬೀಳಲಿಲ್ಲ.

ಎಷ್ಟೋ ಪುಸ್ತಕಗಳಲ್ಲಿ ವರ್ಷ ಇರುವ ಪುಟವೇ ಹರಿದು ಹೋಗಿರುತ್ತದೆ. ಆಗ ಹಿಂಬದಿಯ ರಕ್ಷಾಪುಟ ನೋಡಿ. ಐಎಸ್‌ಬಿಎನ್ ಸಂಖ್ಯೆ 2007ರಿಂದ 13 ಅಂಕಿಗಳದ್ದಾಯಿತು. ಬರೀ 10 ಅಂಕಿ ಇದ್ದರೆ ಆ ಪ್ರತಿ ಅದಕ್ಕೂ ಮೊದಲಿನದು ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ವಿಜ್ಞಾನದ ಪುಸ್ತಕದಲ್ಲಿ ಸೌರವ್ಯೂಹದ ಪುಟ ತೆರೆಯಿರಿ. ಒಂಬತ್ತು ಗ್ರಹ ಇದ್ದರೆ ಅದು 2006ಕ್ಕಿಂತ ಹಿಂದಿನ ಮಾಹಿತಿ, ಯಾಕೆಂದರೆ ಆ ವರ್ಷ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಇಳಿಸಿ ಕುಬ್ಜ ಗ್ರಹ ಎಂದು ಕರೆದರು. ಅಟ್ಲಾಸ್‌ನಲ್ಲಿ ಆಫ್ರಿಕಾದ ಪುಟಕ್ಕೆ ಹೋಗಿ ದಕ್ಷಿಣ ಸುಡಾನ್ ಹುಡುಕಿ. ಆ ದೇಶ ಹುಟ್ಟಿದ್ದು 2011ರಲ್ಲಿ. ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಇದ್ದರೆ, ಮುಂದೆ ಹೇಳಬೇಕಾದ್ದೇನೂ ಇಲ್ಲ.

ವರ್ಷಗಳನ್ನು ಸಾಲಾಗಿ ಬರೆದು ಮಧ್ಯದ ಸಂಖ್ಯೆ ತೆಗೆದೆವು. ಸರಾಸರಿಗಿಂತ ಅದು ಮೇಲು. ಯಾರೋ ದಾನ ಮಾಡಿದ ತೀರಾ ಹಳೆ ಪುಸ್ತಕಗಳ ಒಂದು ಕಟ್ಟು ಸರಾಸರಿಯನ್ನು ಎಲ್ಲಿಗೋ ಎಳೆದುಬಿಡುತ್ತದೆ. ಮಧ್ಯದ ಸಂಖ್ಯೆ ಅಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ವಿಜ್ಞಾನದ ಮಧ್ಯದ ವರ್ಷ ಎಷ್ಟು, ಕಥೆ ಪುಸ್ತಕಗಳದ್ದು ಎಷ್ಟು ಎಂದು ಬೇರೆ ಬೇರೆ ಮಾಡಿದರೆ ಇನ್ನೂ ಒಳ್ಳೆಯದು. ಹಳೆ ಕಥೆ ಪುಸ್ತಕ ತೊಂದರೆ ಏನಲ್ಲ. ಹಳೆ ಕಂಪ್ಯೂಟರ್ ಪುಸ್ತಕ ಮಾತ್ರ ತೊಂದರೆಯೇ.

ನಂತರ ತೆಗೆದುಹಾಕುವ ಕೆಲಸ. 1970ರ ದಶಕದಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯ ಗ್ರಂಥಾಲಯದಿಂದ ಬಂದ 'ಕ್ರೂ' ಎಂಬ ವಿಧಾನ ಇದಕ್ಕೆ ಇವತ್ತಿಗೂ ಬಳಕೆಯಲ್ಲಿದೆ. ಅದು ಕೇಳುವ ಪ್ರಶ್ನೆಗಳು ಸರಳ. ಮಾಹಿತಿ ದಾರಿ ತಪ್ಪಿಸುತ್ತದಾ? ಸರಿಮಾಡಲಾಗದಷ್ಟು ಹರಿದಿದೆಯಾ? ಹೊಸ ಆವೃತ್ತಿ ಬಂದಿದೆಯಾ? ಹುರುಳೇ ಇಲ್ಲವಾ? ಈ ಓದುಗರಿಗೆ ಸಂಬಂಧ ಇಲ್ಲವಾ? ಬೇರೆ ಕಡೆ ಸುಲಭವಾಗಿ ಸಿಗುತ್ತದಾ? ಇದರ ಜೊತೆಗೆ ಪುಸ್ತಕದ ವಯಸ್ಸು ಮತ್ತು ಎಷ್ಟು ವರ್ಷದಿಂದ ಯಾರೂ ಮುಟ್ಟಿಲ್ಲ ಎಂಬುದನ್ನೂ ನೋಡುತ್ತಾರೆ. ಶಿಕ್ಷಕಿಗೆ ಇಲ್ಲಿ ಸಂಕಟ. ಪುಸ್ತಕ ತೆಗೆದುಹಾಕಿದರೆ ಸಂಗ್ರಹ ಚಿಕ್ಕದಾಗಿ ಕಾಣುತ್ತದಲ್ಲ, ಅನುದಾನ ಕೇಳುವ ಹೊತ್ತಲ್ಲಿ ಅದು ಸರಿಯಾ? ನನ್ನ ಪ್ರಕಾರ ಅದೇ ಸರಿಯಾದ ಹೊತ್ತು. ಕಪಾಟು ತುಂಬಿ ತುಳುಕುತ್ತಿದ್ದರೆ ಹೊಸ ಪುಸ್ತಕ ಯಾಕೆ ಎಂದು ಓದುವವರು ಕೇಳುತ್ತಾರೆ. ಬಳಸಲು ಯೋಗ್ಯವಾದದ್ದು ಇಷ್ಟೇ ಎಂದು ತೋರಿಸಿದಾಗ ಕೊರತೆ ಕಣ್ಣಿಗೆ ಬೀಳುತ್ತದೆ. ತೆಗೆದುಹಾಕುವುದಕ್ಕೆ ಶಾಲೆಯ ನಿಯಮದಂತೆ ಸಮಿತಿಯ ಸಹಿ ಹಾಕಿಸಿ, ದಾಖಲೆ ಪುಸ್ತಕದಲ್ಲಿ ಕಾರಣ ಬರೆಯಬೇಕು. ಸುಮ್ನೆ ಮೂಟೆ ಕಟ್ಟಿ ಹೊರಗೆ ಹಾಕಿದರೆ ಮುಂದಿನ ಲೆಕ್ಕಪರಿಶೋಧನೆಯಲ್ಲಿ ಅದೇ ಕಾಡುತ್ತದೆ.

ಇನ್ನೊಂದು ಎಣಿಕೆ ಎರವಲಿನದು. ಗ್ರಂಥಾಲಯ ವಿಜ್ಞಾನದ ಹಿರಿಯ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಹಾಗಾದರೆ ಬಳಕೆ ಎಷ್ಟು? ಒಂದು ವರ್ಷದಲ್ಲಿ ಮನೆಗೆ ಕೊಟ್ಟ ಪುಸ್ತಕಗಳ ಸಂಖ್ಯೆಯನ್ನು ಒಟ್ಟು ಸಂಗ್ರಹದಿಂದ ಭಾಗಿಸಿದರೆ ಒಂದು ಪುಸ್ತಕ ಸರಾಸರಿ ಎಷ್ಟು ಸಲ ಹೊರಗೆ ಹೋಗಿದೆ ಎಂದು ತಿಳಿಯುತ್ತದೆ. ಒಂದು ಸಲವಾದರೂ ಪುಸ್ತಕ ಒಯ್ದ ಮಕ್ಕಳು ನೂರಕ್ಕೆ ಎಷ್ಟು ಎಂಬುದನ್ನು ಬೇರೆ ತೆಗೆದೆವು. ಮೊದಲನೇ ಸಂಖ್ಯೆ ಚೆನ್ನಾಗಿದ್ದು ಎರಡನೆಯದು ಕಡಿಮೆ ಇದ್ದರೆ, ಅದೇ ಕೆಲವು ಮಕ್ಕಳು ಮತ್ತೆ ಮತ್ತೆ ಓದುತ್ತಿದ್ದಾರೆ ಎಂದರ್ಥ. ಅರ್ಜಿಯ ದಿಕ್ಕೇ ಆಗ ಬದಲಾಗುತ್ತದೆ.

ಶಿಕ್ಷಕಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟೆವು. ಮಗು ಏನಾದರೂ ಕೇಳಿ ಅದು ಸಿಗದಿದ್ದರೆ ಅಲ್ಲಿ ಒಂದು ಸಾಲು: ತರಗತಿ, ಏನು ಕೇಳಿದ್ದು, ಯಾಕೆ ಸಿಗಲಿಲ್ಲ. ಪುಸ್ತಕವೇ ಇಲ್ಲ, ಇದೆ ಆದರೆ ಯಾರೋ ಒಯ್ದಿದ್ದಾರೆ, ಇದೆ ಆದರೆ ಎಲ್ಲಿದೆ ಗೊತ್ತಿಲ್ಲ. ಈ ಮೂರನೇ ಕಾರಣವೇ ಪದೇ ಪದೇ ಬಂತು. ಅಂದರೆ ಹೊಸ ಪುಸ್ತಕದಷ್ಟೇ ಮುಖ್ಯವಾದದ್ದು ಪಟ್ಟಿ ಮತ್ತು ಲೇಬಲ್. ಹಳೆ ಅರ್ಜಿಯಲ್ಲಿ ಅದಕ್ಕೆ ಒಂದು ಪೈಸೆಯನ್ನೂ ಕೇಳಿರಲಿಲ್ಲ.

ಅಗತ್ಯದ ಭಾಗ

ಹಳೆ ಸಾಲು ಹೀಗಿತ್ತು: "ನಮ್ಮ ಶಾಲೆಯಲ್ಲಿ ಪುಸ್ತಕಗಳ ತೀವ್ರ ಕೊರತೆ ಇದೆ. ಆದ್ದರಿಂದ ಪುಸ್ತಕಗಳ ಅಗತ್ಯವಿದೆ." ಇದು ತಿರುಗಿ ತಿರುಗಿ ಅಲ್ಲೇ ನಿಲ್ಲುವ ವಾದ. ಪುಸ್ತಕ ಇಲ್ಲ ಎಂಬುದನ್ನೇ ಸಮಸ್ಯೆ ಎಂದರೆ ಪುಸ್ತಕ ಕೊಂಡ ದಿನವೇ ಸಮಸ್ಯೆ ಮುಗಿಯಿತು. ಕೊಂಡದ್ದನ್ನು ಯಾರೂ ಓದದಿದ್ದರೂ ಮುಗಿಯಿತು. ಮಕ್ಕಳಿಗೆ ಏನು ಮಾಡಲು ಆಗುತ್ತಿಲ್ಲ ಎಂಬುದು ಸಮಸ್ಯೆ ಆಗಬೇಕು.

ಹೊಸದಾಗಿ ಬರೆದದ್ದರ ಸಾರ ಇದು: ಮೇಲಿನ ತರಗತಿಗಳಿಗೆ ವಿಜ್ಞಾನದ ಪ್ರಾಜೆಕ್ಟ್ ಕಡ್ಡಾಯ. ಅದಕ್ಕೆ ಬೇಕಾದ ವಿಭಾಗದಲ್ಲಿ ಬಳಸಬಹುದಾದ ಪುಸ್ತಕ ಇಷ್ಟು, ಅವುಗಳ ಮಧ್ಯದ ವರ್ಷ ಇಷ್ಟು. ಕೆಳಗಿನ ತರಗತಿಗಳಲ್ಲಿ ಈಗಷ್ಟೇ ಅಕ್ಷರ ಕೂಡಿಸಿ ಓದುವ ಮಕ್ಕಳಿಗೆ ತಕ್ಕ ತೆಳು ಪುಸ್ತಕಗಳು ಒಬ್ಬರಿಗೆ ಒಂದರಂತೆಯೂ ಇಲ್ಲ. ಇರುವುದನ್ನು ಹುಡುಕಲು ಪಟ್ಟಿ ಇಲ್ಲ, ಅದಕ್ಕೆ ಸಾಕ್ಷಿ ಈ ನೋಟ್‌ಬುಕ್. ಪ್ರತಿ ವಾಕ್ಯಕ್ಕೂ ನಮ್ಮದೇ ಎಣಿಕೆಯಿಂದ ಒಂದು ಸಂಖ್ಯೆ. ವಿಶೇಷಣಗಳನ್ನೆಲ್ಲ ಹೊಡೆದುಹಾಕಿದೆವು. 'ತೀವ್ರ', 'ಅತ್ಯಂತ', 'ಶೋಚನೀಯ' ಎಲ್ಲ ಹೋದವು. ಸಂಖ್ಯೆ ಪಕ್ಕದಲ್ಲಿದ್ದಾಗ ಅವುಗಳಿಗೆ ಕೆಲಸ ಇರಲಿಲ್ಲ.

ಹೊರಗಿನ ಅಳತೆಗೋಲು ಒಂದು ಬೇಕಿತ್ತು. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ, ಯುನೆಸ್ಕೋ ಜೊತೆ 2002ರಲ್ಲಿ ಕೊಟ್ಟ ಶಾಲಾ ಲೈಬ್ರರಿ ಮಾರ್ಗಸೂಚಿಯಲ್ಲಿ ಒಬ್ಬ ವಿದ್ಯಾರ್ಥಿಗೆ 10 ಪುಸ್ತಕ, ಅತಿ ಚಿಕ್ಕ ಶಾಲೆಗೂ ಕನಿಷ್ಠ 2,500 ಎಂದಿತ್ತು. ಅದರಲ್ಲಿ ಕನಿಷ್ಠ 60 ಶೇಕಡಾ ಪಾಠಕ್ಕೆ ಹೊಂದುವ ಮಾಹಿತಿ ಪುಸ್ತಕ ಇರಬೇಕು ಎಂದೂ ಇತ್ತು. 2015ರಲ್ಲಿ ಮಾರ್ಗಸೂಚಿಯ ಎರಡನೇ ಆವೃತ್ತಿ ಬಂದಿದೆ. ಹಾಗಾಗಿ ಹಳೆ ಸಂಖ್ಯೆಯನ್ನು ಬಳಸುವಾಗ ವರ್ಷ ಹಾಕಿಯೇ ಬರೆದೆವು, ಅದೂ ಒಂದೇ ಒಂದು ಸಲ. ಬರೀ ಅಳತೆಗೋಲಿನ ಮೇಲೆ ನಿಂತ ಅರ್ಜಿಗಳು ಎಲ್ಲ ಒಂದೇ ಥರ ಕಾಣುತ್ತವೆ. ಅದೇ ಮಾರ್ಗಸೂಚಿಯನ್ನು ಬೇರೆ ಶಾಲೆಯೂ ಹಾಕಿರುತ್ತದೆ. ನಮ್ಮ ನೋಟ್‌ಬುಕ್ ಬೇರೆ ಯಾರ ಬಳಿಯೂ ಇಲ್ಲ.

ಸಂಶೋಧನೆಯ ಉಲ್ಲೇಖಕ್ಕೆ ಕೀತ್ ಕರಿ ಲ್ಯಾನ್ಸ್ ತಂಡದ ಕೊಲೊರಾಡೊ ಅಧ್ಯಯನ ಸಾಕು. 1993ರಲ್ಲಿ ಬಂದದ್ದು, ಆಮೇಲೆ ಅಮೆರಿಕದ ಬೇರೆ ರಾಜ್ಯಗಳಲ್ಲೂ ಅಂಥ ಅಧ್ಯಯನ ನಡೆದವು. ಒಳ್ಳೆ ಲೈಬ್ರರಿ ಇರುವ ಶಾಲೆಗಳಲ್ಲಿ ಮಕ್ಕಳ ಅಂಕ ಹೆಚ್ಚು ಎಂಬ ನಂಟನ್ನು ಅವು ತೋರಿಸುತ್ತವೆ. ನಂಟು ಅಷ್ಟೇ, ಲೈಬ್ರರಿಯೇ ಕಾರಣ ಎಂಬ ಸಾಬೀತು ಅದರಿಂದ ಸಿಗುವುದಿಲ್ಲ. ಇನ್ನೊಂದು ಅಧ್ಯಯನವನ್ನು ಜನ ತಪ್ಪಾಗಿ ಎಳೆದು ತರುತ್ತಾರೆ. 27 ದೇಶಗಳ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದದ್ದು. ಅದು ಮನೆಯಲ್ಲಿರುವ ಪುಸ್ತಕಗಳ ಬಗ್ಗೆ. ಹಳೆ ಅರ್ಜಿಯಲ್ಲಿ ಅದನ್ನು ಶಾಲಾ ಲೈಬ್ರರಿಗೆ ಸಾಕ್ಷಿಯಾಗಿ ಹಾಕಿದ್ದರು. ತೆಗೆದೆವು. ವಿಷಯ ಬಲ್ಲವರು ಓದುವ ಸಮಿತಿಯಲ್ಲಿ ಇದ್ದೇ ಇರುತ್ತಾರೆ.

ಗುರಿಗಳ ಭಾಗದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪುಸ್ತಕ ಕೊಂಡೆವು, ಕಪಾಟು ಹಾಕಿದೆವು ಎಂಬುದು ಮಾಡಿದ ಕೆಲಸ. ಅದರಿಂದ ಏನು ಬದಲಾಯಿತು ಎಂಬುದು ಫಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ನಾವು ಇಟ್ಟುಕೊಂಡ ಫಲ ಎರಡೇ: ತಿಂಗಳಿಗೆ ಒಂದಾದರೂ ಪುಸ್ತಕ ಒಯ್ಯುವ ಮಕ್ಕಳ ಪಾಲು, ಮತ್ತು ಕೇಳಿ ಸಿಗದೆ ಹೋದ ಸಾಲುಗಳ ಸಂಖ್ಯೆ. ಎರಡಕ್ಕೂ ಈಗಿನ ಅಂಕಿ ನಮ್ಮ ಕೈಯಲ್ಲಿ ಇತ್ತು. ಪರೀಕ್ಷೆಯ ಅಂಕ ಏರುತ್ತದೆ ಎಂದು ಬರೆಯೋಣ ಎಂದು ಶಾಲೆಯಲ್ಲಿ ಕೆಲವರ ಒತ್ತಾಯ. ಬೇಡ ಎಂದೆವು. ಅಂಕ ಏರಿಸುವ ಇಳಿಸುವ ನೂರು ಕಾರಣಗಳು ಲೈಬ್ರರಿಯ ಹೊರಗೆ ಇವೆ. ಆ ಮಾತು ಕೊಟ್ಟರೆ ವರ್ಷದ ಕೊನೆಗೆ ವರದಿಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಬಜೆಟ್

ಹೆಚ್ಚು ಕೈಕೆಲಸ ಇದ್ದದ್ದು ಇಲ್ಲಿ. ಪುಸ್ತಕದ ಬೆಲೆ ಪುಸ್ತಕದ ಪೂರ್ತಿ ಖರ್ಚಲ್ಲ. ಅದು ಅಂಗಡಿಯಿಂದ ಹೊರಟು ಮಗುವಿನ ಕೈ ಸೇರುವ ತನಕ ಏನೇನು ಬೇಕು ಎಂದು ಮೇಜಿನ ಮೇಲೆ ಒಂದೇ ಒಂದು ಪುಸ್ತಕ ಇಟ್ಟುಕೊಂಡು ನಿಜಕ್ಕೂ ಮಾಡಿ ನೋಡಿದೆವು. ಸಾಗಣೆ. ಮುದ್ರೆ. ದಾಖಲೆ ಸಂಖ್ಯೆ. ಬೆನ್ನಿಗೆ ವರ್ಗಸಂಖ್ಯೆಯ ಲೇಬಲ್. ಲೇಬಲ್ ಮೇಲೆ ಪಾರದರ್ಶಕ ಅಂಟುಹಾಳೆ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕಿತ್ತುಬರುತ್ತದೆ. ರಕ್ಷಾಹೊದಿಕೆ. ವಾಪಸ್ ದಿನಾಂಕದ ಚೀಟಿ ಅಥವಾ ಬಾರ್‌ಕೋಡ್. ಕೊನೆಗೆ ಪಟ್ಟಿಯಲ್ಲಿ ನಮೂದು. ಹರಿದ ಪುಸ್ತಕಗಳ ರಿಪೇರಿಗೆ ಪಿವಿಎ ಅಂಟು ಮತ್ತು ಪುಸ್ತಕಕ್ಕೆಂದೇ ಇರುವ ಟೇಪು. ಮಾಮೂಲಿ ಸೆಲೋಟೇಪ್ ಹಳದಿಯಾಗಿ, ಒಣಗಿ, ಕಾಗದವನ್ನೂ ಹಾಳು ಮಾಡುತ್ತದೆ.

ಇಷ್ಟಕ್ಕೂ ಹಿಡಿಯುವ ಸಮಯವನ್ನು ಗಡಿಯಾರ ಇಟ್ಟು ನೋಡಿ. ಒಂದು ಪುಸ್ತಕಕ್ಕೆ 15 ನಿಮಿಷ ಎಂದುಕೊಂಡರೂ 1000 ಪುಸ್ತಕಕ್ಕೆ 250 ಗಂಟೆ. ಈ ಸಂಖ್ಯೆ ಕಂಡಾಗ ಗುಮಾಸ್ತರು ಸುಮ್ಮನಾಗಿಬಿಟ್ಟರು. ಪಾಠದ ನಡುವೆ ಬಿಡುವಿನಲ್ಲಿ ಒಬ್ಬ ಶಿಕ್ಷಕಿ ಮಾಡುವ ಕೆಲಸ ಇದಲ್ಲ. ಎಷ್ಟೋ ಶಾಲೆಗಳಲ್ಲಿ ಅನುದಾನದ ಪುಸ್ತಕಗಳು ಪೆಟ್ಟಿಗೆಯಲ್ಲೇ ಉಳಿಯುವುದು ಇದಕ್ಕೇ. ಗೌರವಧನಕ್ಕೆ ದಾನಿ ಒಪ್ಪಿರಲಿಲ್ಲವಲ್ಲ. ಹಾಗಾಗಿ ಪೋಷಕರು ಮತ್ತು ಹಳೆ ವಿದ್ಯಾರ್ಥಿಗಳ ಸ್ವಯಂಸೇವೆಯನ್ನು ಗಂಟೆಗಳಲ್ಲಿ ಬರೆದು, ಅದಕ್ಕೊಂದು ದರ ಕಟ್ಟಿ, ಶಾಲೆಯ ಪಾಲು ಎಂದು ತೋರಿಸಿದೆವು. ವಸ್ತು ಅಥವಾ ಶ್ರಮದ ರೂಪದ ಪಾಲನ್ನು ಒಪ್ಪುವ ದಾನಿಗಳು ಇದ್ದಾರೆ, ಆದರೆ ಹಾಜರಿ ಪುಸ್ತಕ ಇರಬೇಕು. ಅದೇ ಗಂಟೆಗಳನ್ನು ಇನ್ನೊಬ್ಬ ದಾನಿಯ ಅರ್ಜಿಯಲ್ಲೂ ತೋರಿಸುವ ಹಾಗಿಲ್ಲ.

ಕಪಾಟಿನ ಲೆಕ್ಕಕ್ಕೆ ಟೇಪು ಬೇಕು. 90 ಸೆಂಟಿಮೀಟರ್ ಉದ್ದದ ಹಲಗೆ, ಪುಸ್ತಕದ ದಪ್ಪ ಸರಾಸರಿ 2 ಸೆಂಟಿಮೀಟರ್ ಎಂದರೆ 45 ಹಿಡಿಸುತ್ತವೆ. ಆದರೆ ಹಲಗೆಯ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಇಲ್ಲವಾದರೆ ಎಳೆದು ತೆಗೆಯುವಾಗ ಬೆನ್ನು ಹರಿಯುತ್ತದೆ, ಹೊಸದಕ್ಕೆ ಜಾಗವೂ ಇರುವುದಿಲ್ಲ. ಹಾಗಾಗಿ ಹಲಗೆಗೆ ಸುಮಾರು 33. 1000 ಪುಸ್ತಕಕ್ಕೆ 31 ಹಲಗೆ, ಒಂದು ಕಪಾಟಿಗೆ ಐದು ಹಲಗೆಯಂತೆ ಏಳು ಕಪಾಟು. ಚಿಕ್ಕ ಮಕ್ಕಳ ತೆಳು ಪುಸ್ತಕಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳ ಬೆನ್ನಲ್ಲಿ ಹೆಸರು ಓದಲು ಆಗುವುದಿಲ್ಲ, ಮುಖ ಕಾಣುವಂತೆ ಇಡಬೇಕು, ಜಾಗ ಜಾಸ್ತಿ ಬೇಕು.

ತೂಕವನ್ನು ಮರೆಯುವವರೇ ಹೆಚ್ಚು. ಒಂದು ಮೀಟರ್ ಸಾಲು ಪುಸ್ತಕ 30 ಕಿಲೋ ದಾಟುವುದು ಮಾಮೂಲು. ಅಗ್ಗದ ಪಾರ್ಟಿಕಲ್ ಬೋರ್ಡ್ ಹಲಗೆ ಆ ಭಾರಕ್ಕೆ ನಿಧಾನವಾಗಿ ನಡು ಬಗ್ಗಿಸುತ್ತದೆ. ದರಪಟ್ಟಿ ಕೇಳುವಾಗಲೇ ಹಲಗೆ ಇಷ್ಟು ಭಾರ ತಡೆಯಬೇಕು ಎಂದು ಬರೆದು ಕೇಳಿದೆವು. ಗೋಡೆಗೆ ಬೋಲ್ಟ್ ಹಾಕುವ ಖರ್ಚನ್ನೂ ಸೇರಿಸಿದೆವು. ಮಕ್ಕಳು ಕಪಾಟು ಹತ್ತಿಯೇ ಹತ್ತುತ್ತಾರೆ. ಮೇಲಿನ ಮಹಡಿಯಲ್ಲಿ ಕೋಣೆ ಇದ್ದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಮುಂದುವರಿಯಬಾರದು. ತರಗತಿ ಕೋಣೆಯ ನೆಲವನ್ನು ಪುಸ್ತಕದ ದಾಸ್ತಾನಿಗೆ ಬೇಕಾದಷ್ಟು ಭಾರಕ್ಕೆ ಕಟ್ಟಿರುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಸ್ವಲ್ಪ ಚರ್ಚೆ ಆಯಿತು. ನ್ಯೂಜಿಲೆಂಡ್‌ನ ಒಂದು ಗ್ರಂಥಾಲಯ ಟ್ರಸ್ಟ್‌ಗಾಗಿ ತಯಾರಾಗಿ 2000ರಲ್ಲಿ ಬಳಕೆಗೆ ಬಂದ ಕೋಹಾ, ಪುಸ್ತಕಗಳ ಪಟ್ಟಿ ಮತ್ತು ಎರವಲು ನೋಡಿಕೊಳ್ಳುವ ಉಚಿತ ಮತ್ತು ಮುಕ್ತ ತಂತ್ರಾಂಶ. ದೊಡ್ಡ ಗ್ರಂಥಾಲಯಗಳೂ ಬಳಸುತ್ತವೆ. ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ: ಸರ್ವರ್ ಬೇಕು, ಬ್ಯಾಕಪ್ ಬೇಕು, ಕೆಟ್ಟಾಗ ನೋಡುವವರು ಬೇಕು. ಅಷ್ಟು ಕೈ ಇಲ್ಲದ ಶಾಲೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಕಾಲಂಗಳನ್ನು ಮೊದಲ ದಿನದಿಂದ ಶಿಸ್ತಾಗಿ ತುಂಬಿದ್ದರೆ ಮುಂದೆ ಕೋಹಾಕ್ಕೆ ಸಾಗಿಸಬಹುದು. ಸ್ಪ್ರೆಡ್‌ಶೀಟ್ ಎಂದೇ ಅರ್ಜಿಯಲ್ಲಿ ಬರೆದೆವು. ಯಾರೂ ಅದನ್ನು ಕೀಳಾಗಿ ನೋಡಲಿಲ್ಲ.

ಪ್ರತಿ ಸಾಲಿಗೂ ಪ್ರಮಾಣ ಗುಣಿಸು ದರ. ಪ್ರತಿ ದರಕ್ಕೂ ದರಪಟ್ಟಿ, ಅದರ ಮೇಲೆ ಎಷ್ಟು ದಿನ ಊರ್ಜಿತ ಎಂಬ ತಾರೀಖು. ಅರ್ಜಿ ಹಾಕಿ ಹಣ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ. 'ಇತರೆ' ಎಂಬ ಸಾಲನ್ನು ಈ ದಾನಿ ಒಪ್ಪುವುದಿಲ್ಲವಾದ್ದರಿಂದ ಏರಿಕೆಯ ಅಂದಾಜನ್ನು ಆಯಾ ಸಾಲಿನಲ್ಲೇ ಸೇರಿಸಿ, ಸೇರಿಸಿದ್ದೇವೆ ಎಂದು ಟಿಪ್ಪಣಿಯಲ್ಲಿ ಹೇಳಿದೆವು. ಕೊನೆಗೆ ಎದುರುಬದುರು ಪರೀಕ್ಷೆ: ಯೋಜನೆಯಲ್ಲಿ ಹೇಳಿದ ಪ್ರತಿ ಕೆಲಸಕ್ಕೂ ಬಜೆಟ್‌ನಲ್ಲಿ ಸಾಲು ಇದೆಯಾ, ಬಜೆಟ್‌ನ ಪ್ರತಿ ಸಾಲಿಗೂ ಯೋಜನೆಯಲ್ಲಿ ಕೆಲಸ ಇದೆಯಾ. ಹಳೆ ಅರ್ಜಿಯಲ್ಲಿ ಯೋಜನೆಯಲ್ಲಿ ಎಲ್ಲೂ ಇಲ್ಲದ ಪ್ರಿಂಟರ್ ಒಂದು ದರಪಟ್ಟಿಯೊಳಗೆ ಕೂತಿತ್ತು.

ಹಣ ಮುಗಿದ ಮೇಲೆ

ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಜಗತ್ತಿನಾದ್ಯಂತ 2,500ಕ್ಕೂ ಹೆಚ್ಚು ಲೈಬ್ರರಿ ಕಟ್ಟಡಗಳಿಗೆ ಹಣ ಕೊಟ್ಟ. ಮೊದಲನೆಯದು 1883ರಲ್ಲಿ ಅವನ ಹುಟ್ಟೂರಾದ ಸ್ಕಾಟ್ಲೆಂಡ್‌ನ ಡನ್‌ಫರ್ಮ್ಲಿನ್‌ನಲ್ಲಿ ತೆರೆಯಿತು. ಅರ್ಜಿಗಳ ಪತ್ರವ್ಯವಹಾರ ನೋಡುತ್ತಿದ್ದವನು ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್. ಅಮೆರಿಕದ ಊರುಗಳಿಗೆ ಅವರ ಮಾಮೂಲಿ ಷರತ್ತು ಸರಳ: ಜಾಗ ಊರಿನದು, ಕೊಟ್ಟ ಹಣದ 10 ಶೇಕಡಾದಷ್ಟನ್ನು ಪ್ರತಿ ವರ್ಷ ಊರು ನಿರ್ವಹಣೆಗೆ ಎತ್ತಿಡಬೇಕು. ಈ ಷರತ್ತು ಬೇಡ ಎಂದು ಹಣವನ್ನೇ ಬೇಡ ಅಂದ ಊರುಗಳೂ ಇದ್ದವು. ಇವತ್ತಿನ ಮಾರ್ಗಸೂಚಿಗಳಲ್ಲಿ 'ಮುಂದುವರಿಕೆ' ಎಂಬ ಶೀರ್ಷಿಕೆಯ ಕೆಳಗೆ ಬರುವ ಪ್ರಶ್ನೆ ಅದೇ. ನಾವು ಹೋದ ಮೇಲೆ ಇದನ್ನು ಯಾರ ಹಣ, ಯಾರ ಸಮಯ ನಡೆಸುತ್ತದೆ?

ಹಳೆ ಅರ್ಜಿಯ ಉತ್ತರ "ಶಾಲೆಯು ಮುಂದುವರಿಸಿಕೊಂಡು ಹೋಗುತ್ತದೆ" ಎಂದಿತ್ತು. ಅದನ್ನು ತಿದ್ದಲು ಪೆನ್ನು ಸಾಕಾಗಲಿಲ್ಲ. ಮುಖ್ಯೋಪಾಧ್ಯಾಯರ ಜೊತೆ ಕೂತು ಮಾತಾಡಬೇಕಾಯಿತು, ಮಾತು ಅಷ್ಟು ಸಲೀಸಾಗಿರಲಿಲ್ಲ. ಕಳೆದುಹೋದ, ಹರಿದ ಪುಸ್ತಕಗಳ ಬದಲಿಗೆ ಹೊಸದು ಕೊಳ್ಳಲು ಶಾಲೆಯ ವಾರ್ಷಿಕ ಬಜೆಟ್‌ನಲ್ಲಿ ಒಂದು ಸಾಲು ಬೇಕು ಎಂದೆವು. ನೋಡೋಣ ಎಂದರು. ಹಾಗಂತ ಅರ್ಜಿಯಲ್ಲಿ ಬರೆಯಲು ಆಗುವುದಿಲ್ಲ ಎಂದೆವು. ಕಾರ್ನೆಗಿಯ 10 ಶೇಕಡಾ ಕೇಳಿ ನಕ್ಕರು, ಅದಕ್ಕಿಂತ ಕಡಿಮೆ ಆದರೆ ಸೊನ್ನೆಯಲ್ಲದ ಒಂದು ಸಂಖ್ಯೆಗೆ ಒಪ್ಪಿದರು. ಎರಡನೆಯದು ಶಿಕ್ಷಕಿಯ ಸಮಯ. ಪೂರ್ತಿ ಪಾಠದ ಹೊರೆ ಇಟ್ಟುಕೊಂಡು ಲೈಬ್ರರಿಯನ್ನೂ ನೋಡಿಕೋ ಎಂದರೆ ಬಾಗಿಲು ಮುಚ್ಚಿಯೇ ಇರುತ್ತದೆ. ವಾರದ ಕೆಲವು ಪಿರಿಯಡ್‌ಗಳನ್ನು ಅವರಿಂದ ತೆಗೆದು ಬೇರೆಯವರಿಗೆ ಹಂಚಿದ ವೇಳಾಪಟ್ಟಿಯನ್ನೇ ಅರ್ಜಿಗೆ ಲಗತ್ತಿಸಿದೆವು. ಇಡೀ ಅರ್ಜಿಯಲ್ಲಿ ನನಗೆ ಹೆಚ್ಚು ಭರವಸೆ ಇದ್ದ ಪುಟ ಅದು. ಹಣ ಬಂದರೂ ಬರದಿದ್ದರೂ ಆ ಪಿರಿಯಡ್‌ಗಳು ಸಿಕ್ಕಾಗಿತ್ತು.

ಬೆಂಬಲ ಪತ್ರಗಳಲ್ಲಿ ಹೊಗಳಿಕೆ ಇದ್ದದ್ದನ್ನು ಬಿಟ್ಟು, ಏನಾದರೂ ಕೊಡುತ್ತೇನೆ ಎಂದದ್ದನ್ನು ಮಾತ್ರ ಇಟ್ಟುಕೊಂಡೆವು. ವಾರಕ್ಕೆ ಇಷ್ಟು ಗಂಟೆ ಬರುತ್ತೇನೆ ಎಂದು ಒಬ್ಬ ಪೋಷಕರು ಬರೆದ ಎರಡು ಸಾಲು, ದೊಡ್ಡವರೊಬ್ಬರ ಪುಟಗಟ್ಟಲೆ ಹಾರೈಕೆಗಿಂತ ತೂಕದ್ದು. ಮಕ್ಕಳ ಮುಖ ಕಾಣುವ ಫೋಟೊಗಳಿಗೆ ಪೋಷಕರ ಒಪ್ಪಿಗೆ ಬೇಕಾದ್ದರಿಂದ ಖಾಲಿ ಕಪಾಟಿನ ಫೋಟೊ ಹಾಕಿದೆವು.

ಕಳಿಸುವ ಮುಂಚೆ, ಶಾಲೆಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಓದಲು ಕೊಟ್ಟು, ಹತ್ತು ನಿಮಿಷದ ನಂತರ ಹಾಳೆ ವಾಪಸ್ ತೆಗೆದುಕೊಂಡು ಕೇಳಿದೆವು: ಏನು ಮಾಡುತ್ತೇವಂತೆ, ಯಾರಿಗಾಗಿ, ಎಷ್ಟು ಹಣಕ್ಕೆ? ಮೊದಲ ಎರಡು ಸಲೀಸಾಗಿ ಬಂದವು. ಮೂರನೆಯದಕ್ಕೆ ತಡವರಿಸಿದರು. ಒಟ್ಟು ಮೊತ್ತವನ್ನು ಮೊದಲ ಪ್ಯಾರಾಕ್ಕೆ ತಂದೆವು.

ಕನ್ನಡದಲ್ಲಿ ಆನ್‌ಲೈನ್ ಫಾರ್ಮ್ ತುಂಬುವವರಿಗೆ ಒಂದು ಎಚ್ಚರಿಕೆ. ಅಕ್ಷರಗಳ ಮಿತಿಯನ್ನು ಕಂಪ್ಯೂಟರ್ ನಮ್ಮ ಹಾಗೆ ಎಣಿಸುವುದಿಲ್ಲ. 'ಕ್ಷಿ' ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ. 2000 ಅಕ್ಷರದ ಪೆಟ್ಟಿಗೆಗೆ ಅಳತೆ ಮಾಡಿ ಬರೆದದ್ದು ಅಂಟಿಸಿದಾಗ ನಡುವೆ ಕತ್ತರಿಸಿ ಹೋಗಬಹುದು. ಕರಡನ್ನು ಬೇಗ ಅಂಟಿಸಿ ನೋಡುವುದೇ ದಾರಿ. ಕೊನೆಯ ದಿನ ಸರ್ವರ್ ನಿಧಾನ ಆಗುವುದು ಗೊತ್ತಿದ್ದದ್ದೇ, ನಾವು ಮುಂಚೆಯೇ ಸಲ್ಲಿಸಿ ಸ್ವೀಕೃತಿ ಸಂಖ್ಯೆಯ ಪರದೆಯನ್ನು ಚಿತ್ರವಾಗಿ ಉಳಿಸಿಕೊಂಡೆವು.

ಮಂಜೂರಾತಿ

ಹಣ ಬಂತು, ಪೂರ್ತಿ ಅಲ್ಲ. ಪುಸ್ತಕದ ಸಾಲನ್ನೂ, ಲೇಬಲ್, ಹೊದಿಕೆ ಮುಂತಾದ ಸಂಸ್ಕರಣೆಯ ಸಾಲುಗಳನ್ನೂ ಹಾಗೇ ಉಳಿಸಿ ಕಪಾಟಿನ ಸಾಲನ್ನು ಅರ್ಧಕ್ಕೆ ಇಳಿಸಿದ್ದರು. ಖುಷಿಯಲ್ಲಿ ಸಹಿ ಹಾಕಿ ಕಳಿಸುವುದು ಸುಲಭ. ನಾವು ಮೊದಲು ಗುರಿಗಳ ಪುಟ ತೆಗೆದು, ಕಪಾಟು ಅರ್ಧವಾದರೆ ಯಾವ ಮಾತು ಉಳಿಸಿಕೊಳ್ಳಬಹುದು ಎಂದು ನೋಡಿದೆವು. ಎರವಲಿನ ಗುರಿ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಮುಖ ಕಾಣುವ ಕಪಾಟು ಉಳಿಯುವುದಿಲ್ಲ. ಹಾಗೆಂದು ಪತ್ರ ಬರೆದು, ತಿದ್ದಿದ ಯೋಜನೆಯನ್ನು ಅವರಿಂದ ಒಪ್ಪಿಸಿಕೊಂಡ ಮೇಲೆಯೇ ಕರಾರಿಗೆ ಸಹಿ ಬಿತ್ತು.

ಈಗ ಖರೀದಿ ನಡೆದಿದೆ. ಪುಸ್ತಕದ ಹಣದಲ್ಲಿ ನೂರಕ್ಕೆ 60 ಭಾಗವನ್ನು ಮಾತ್ರ ಮೊದಲ ಕಂತಿಗೆ ಬಿಟ್ಟಿದ್ದೇವೆ. ಪಟ್ಟಿ ಮಾಡಿದ್ದು ಶಿಕ್ಷಕಿ, ನೋಟ್‌ಬುಕ್ಕಿನ ಸಾಲುಗಳನ್ನು ಎದುರಿಗೆ ಇಟ್ಟುಕೊಂಡು. ಉಳಿದ 40 ಭಾಗ ಮೊದಲ ಕಂತಿನಲ್ಲಿ ಯಾವುದು ಓಡುತ್ತದೆ, ಯಾವುದು ಕೂರುತ್ತದೆ ಎಂದು ನೋಡಿದ ಮೇಲೆ. ಕರಾರಿನ ಅವಧಿಯೊಳಗೆ ಖರ್ಚಾಗದ ಹಣ ವಾಪಸ್ ಹೋಗುವುದರಿಂದ ಎರಡನೇ ಕಂತಿನ ಕೊನೆ ತಾರೀಖನ್ನು ಗುಮಾಸ್ತರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಾರೆ. ಪ್ರತಿ ಬಿಲ್ಲಿನ ಮೇಲೆ ಆ ಬಿಲ್ಲಿನ ಪುಸ್ತಕಗಳ ದಾಖಲೆ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಎಂದು ಪೆನ್ಸಿಲ್‌ನಲ್ಲಿ ಬರೆದು ಫೈಲ್‌ಗೆ ಹಾಕುತ್ತಿದ್ದಾರೆ. ಬಳಕೆಯ ವರದಿ ಬರೆಯುವ ಹೊತ್ತಿಗೆ ಯಾವ ಹಣಕ್ಕೆ ಯಾವ ಪುಸ್ತಕ ಎಂದು ಹುಡುಕಬೇಕಾಗಿಲ್ಲ. ಅವರೇ ಶುರು ಮಾಡಿದ ಪದ್ಧತಿ ಇದು.